ಜಾತ್ರೆಯ ವೇದಿಕೆಗೆ ಎಂಥ ಪೆಡಲ್?

ಅಗ್ಗದ ಮಲ್ಟಿ ಎಫೆಕ್ಟ್ಸ್ ಪೆಡಲ್‌ಗಳ ಡಬ್ಬಿಯ ಮೇಲೆ ಮೊದಲು ಕಣ್ಣಿಗೆ ಬೀಳುವುದೇ ಸಂಖ್ಯೆ. ಝೂಮ್ ಜಿ1ಎಕ್ಸ್ ಫೋರ್‌ನಲ್ಲಿ 60ಕ್ಕೂ ಹೆಚ್ಚು ಎಫೆಕ್ಟ್, 13 ಆಂಪ್ ಮಾದರಿ. ಬಾಸ್ ಜಿಟಿ-1ರಲ್ಲಿ ನೂರಕ್ಕೂ ಮಿಗಿಲು ಎಫೆಕ್ಟ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುವವನಿಗೆ ಒಂದು ರಾತ್ರಿಯ ರಸಮಂಜರಿಗೆ ನಾಲ್ಕು ಸಾಕು: ರಾಜನ್-ನಾಗೇಂದ್ರರ ಹಾಡುಗಳಿಗೆ ಕೋರಸ್ ಬೆರೆತ ಕ್ಲೀನ್ ಟೋನ್, ಈಚಿನ ಹಾಡುಗಳ ರಿದಮ್‌ಗೆ ಓವರ್‌ಡ್ರೈವ್, ಕುಣಿತದ ಹಾಡಿಗೆ ಡಿಸ್ಟಾರ್ಷನ್, ಸೋಲೋಗೆ ಒಂದಿಷ್ಟು ಡಿಲೇ. ಉಳಿದವನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆಡಿಸಬಹುದು, ಅಷ್ಟೇ.

ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಾಗಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಾಗಲಿ, ಅಲ್ಲಿ ನುಡಿಸುವವನು ನೋಡಬೇಕಾದದ್ದು ಮೂರೇ ಸಂಗತಿ: ಔಟ್‌ಪುಟ್, ಕರೆಂಟು, ಸ್ವಿಚ್ಚು.

ಇಲ್ಲಿನ ವೇದಿಕೆಗಳಲ್ಲಿ ಗಿಟಾರಿಗೆಂದೇ ಆಂಪ್ ಇರುವುದು ಅಪರೂಪ. ಕೇಬಲ್ ನೇರವಾಗಿ ಸೌಂಡ್ಸ್‌ನವರ ಮಿಕ್ಸರ್‌ಗೆ ಹೋಗುತ್ತದೆ. 1962ರ ಮೇಸ್ಟ್ರೋ ಫಜ್-ಟೋನ್‌ನಿಂದ 1978ರ ಬಾಸ್ ಡಿಎಸ್-1ರವರೆಗೆ ಹೆಸರುವಾಸಿ ಬಿಡಿ ಪೆಡಲ್‌ಗಳೆಲ್ಲ ಮುಂದೊಂದು ಗಿಟಾರ್ ಆಂಪ್ ಇದ್ದೇ ಇರುತ್ತದೆಂಬ ಲೆಕ್ಕದಲ್ಲಿ ತಯಾರಾದವು. ಗಿಟಾರ್ ಸ್ಪೀಕರು 5 ಕಿಲೋಹರ್ಟ್ಸ್ ದಾಟಿದ ಕೀರಲು ಸದ್ದನ್ನು ಬಹುಮಟ್ಟಿಗೆ ತಾನೇ ನುಂಗಿಕೊಳ್ಳುತ್ತದೆ. ಅದೇ ಡಿಸ್ಟಾರ್ಷನ್ನನ್ನು ಮಿಕ್ಸರ್‌ಗೆ ಕೊಟ್ಟರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತೆ ಕೇಳುತ್ತದೆ. ಮಲ್ಟಿ ಎಫೆಕ್ಟ್ಸ್‌ನಲ್ಲಿರುವ ಕ್ಯಾಬಿನೆಟ್ ಸಿಮ್ಯುಲೇಷನ್ ಆ ಸ್ಪೀಕರಿನ ಕೆಲಸವನ್ನು ಮಾಡುತ್ತದೆ. ಹಾಗಾಗಿ ಮಲೆನಾಡಿನ ವೇದಿಕೆಗೆ ದುಬಾರಿ ಬಿಡಿ ಪೆಡಲ್‌ಗಳ ಸಾಲಿಗಿಂತ ಅಗ್ಗದ ಮಲ್ಟಿಯೇ ವಾಸಿ. ಕೊರತೆ ಇಲ್ಲವೆಂದಲ್ಲ. ಇವುಗಳ ಔಟ್‌ಪುಟ್ ಬ್ಯಾಲೆನ್ಸ್ಡ್ ಅಲ್ಲ. ಮಿಕ್ಸರ್ ದೂರವಿದ್ದರೆ ಉದ್ದದ ಕೇಬಲ್‌ನಲ್ಲಿ ಗೊರಗೊರ ಸೇರಿಕೊಳ್ಳದಂತೆ ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡಿ ಕಳಿಸುವ ಡಿಐ ಬಾಕ್ಸ್ ಬೇಕೇ ಬೇಕು.

ಇನ್ನು ಕರೆಂಟು. ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿನಲ್ಲಿದೆ, ಮಾಣಿ ಅಣೆಕಟ್ಟು ಹೊಸನಗರದಲ್ಲಿ. ನಾಡಿಗೆ ಬೆಳಕು ಕೊಟ್ಟ ಈ ಸೀಮೆಯಲ್ಲೇ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಗಣೇಶೋತ್ಸವ ಬರುವುದೂ ಆ ಹೊತ್ತಿಗೇ. ಕರೆಂಟು ಹೋದರೆ ಸ್ಪೀಕರೂ ಸುಮ್ಮನಾಗುತ್ತದೆ, ಬಿಡಿ. ತಲೆನೋವು ಶುರುವಾಗುವುದು ಜನರೇಟರ್ ಹಚ್ಚಿದ ಮೇಲೆ. ಅರ್ಥಿಂಗ್ ನೆಟ್ಟಗಿಲ್ಲದಿದ್ದರೆ ಅಡಾಪ್ಟರ್ ಮೂಲಕ ಗುಂಯ್ಗುಡುವ ಸದ್ದು ಗಿಟಾರಿಗೆ ಸೇರಿಕೊಳ್ಳುತ್ತದೆ. ಜಿ1ಎಕ್ಸ್ ಫೋರ್, ಜಿಟಿ-1 ಎರಡೂ ನಾಲ್ಕು ಪೆನ್ಸಿಲ್ ಸೆಲ್‌ನಲ್ಲೂ ನಡೆಯುತ್ತವೆ. ಆ ಸೌಲಭ್ಯ ಇನ್ನೂ ಐವತ್ತು ಎಫೆಕ್ಟ್‌ಗಳಿಗಿಂತ ದೊಡ್ಡದು. ಅಡಾಪ್ಟರೇ ಬೇಕೆಂದರೂ ಪೇಟೆಯಲ್ಲಿ ಸಿಕ್ಕ 9 ವೋಲ್ಟಿನದನ್ನು ಸಿಕ್ಕಿಸುವಂತಿಲ್ಲ. ಪಿನ್ನಿನ ನಡುಭಾಗ ಮೈನಸ್ ಆಗಿರಬೇಕು.

ಜಿ1ಎಕ್ಸ್ ಫೋರ್‌ನಲ್ಲಿ ಕಾಲಿಗೆ ಸಿಗುವ ಸ್ವಿಚ್ಚು ಎರಡೇ, ಪ್ಯಾಚ್‌ಗಳು, ಅಂದರೆ ಉಳಿಸಿಟ್ಟ ಟೋನ್‌ಗಳು, 50. ಕ್ಲೀನ್ 3ರಲ್ಲಿ, ಸೋಲೋ 17ರಲ್ಲಿ ಇದ್ದರೆ ಪಲ್ಲವಿ ಮುಗಿಯುವಷ್ಟರಲ್ಲಿ ಹದಿನಾಲ್ಕು ಸಲ ಒತ್ತಬೇಕು! ಬೇಕಾದ ನಾಲ್ಕನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟು, ಅವುಗಳ ವಾಲ್ಯೂಮನ್ನು ಡ್ರಮ್ಸ್, ಕೀಬೋರ್ಡ್ ಜೊತೆ ನುಡಿಸುತ್ತಲೇ ಹೊಂದಿಸಿಕೊಳ್ಳಬೇಕು. ಮನೆಯಲ್ಲಿ ಭರ್ಜರಿಯಾಗಿ ಕೇಳಿಸಿದ ಸೋಲೋ ವೇದಿಕೆಯ ಗದ್ದಲದಲ್ಲಿ ಮುಳುಗುವುದುಂಟು.

ಡಿಜಿಟಲ್ ನಾದಕ್ಕೆ ಜೀವವಿಲ್ಲ ಎಂಬ ಆಕ್ಷೇಪ ಹಳೆಯದು. ಸ್ಟುಡಿಯೋದಲ್ಲಿ ಅದಕ್ಕೆ ಅರ್ಥವಿದೆ. ಬಯಲಿನ ಸ್ಪೀಕರಿನಲ್ಲಿ, ಜನರ ಸಿಳ್ಳೆಯ ನಡುವೆ ಆ ವ್ಯತ್ಯಾಸ ಯಾರ ಕಿವಿಗೂ ಬೀಳದು.

ಅಂಗಡಿಗಳಲ್ಲಿ ಪೆಡಲನ್ನು ಒಳ್ಳೆಯ ಆಂಪ್‌ಗೆ ಹಾಕಿ ಕೇಳಿಸುವುದೇ ರೂಢಿ. ಶಿವಮೊಗ್ಗಕ್ಕೆ ಹೋಗಿ ಕೊಳ್ಳುವವರು ತಮ್ಮದೇ ಗಿಟಾರ್ ಒಯ್ದು, ಆಂಪ್ ಬೇಡವೆಂದು ಮಿಕ್ಸರ್‌ಗೆ ಹಾಕಿಸಲಿ. ಒಮ್ಮೆ ಅಡಾಪ್ಟರಿನಲ್ಲಿ, ಒಮ್ಮೆ ಸೆಲ್‌ನಲ್ಲಿ ಕೇಳಲಿ. ನುಡಿಸುತ್ತಿರುವಾಗಲೇ ಪ್ಯಾಚ್ ಬದಲಿಸಿ ನಡುವೆ ಸದ್ದು ಕಡಿಯುತ್ತದೆಯೇ ಎಂದು ಗಮನಿಸಲಿ. ರಿಪೇರಿ ಎಲ್ಲಿ ಮಾಡಿಕೊಡುತ್ತಾರೆಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಲಿ.