ಉಡದ ಸೀಳುನಾಲಗೆ ಮಾಡುವ ಕೆಲಸ

ಹೊಲದ ಬದುವಿನಲ್ಲಿ ಉಡ ಎದುರಾದರೆ ಜನ ಮೊದಲು ಹೆದರುವುದು ಅದರ ನಾಲಗೆಗೆ. ಹಾವಿನದರಂತೆ ತುದಿ ಸೀಳಿದ ಆ ನೀಳ ನಾಲಗೆ ಮತ್ತೆ ಮತ್ತೆ ಹೊರಚಾಚುವುದನ್ನು ಕಂಡು, ವಿಷ ಕಾರುತ್ತಿದೆ ಎಂದೇ ನಂಬುವವರಿದ್ದಾರೆ. ಆ ನಾಲಗೆಯಲ್ಲಿ ವಿಷವಿಲ್ಲ. ಉಡ ಅದರಿಂದ ವಾಸನೆ ಹಿಡಿಯುತ್ತದೆ.

ಮೂಗೂ ಅದಕ್ಕಿದೆ. ಗಾಳಿಯಲ್ಲಿ ತೇಲಿಬರುವ ವಾಸನೆ ಮೂಗಿಗೂ ತಿಳಿಯುತ್ತದೆ. ಆದರೆ ನೆಲದ ಮೇಲಿನ ಜಾಡನ್ನು ಬಿಡದೆ ಹಿಡಿದು ಹೋಗಲು ನಾಲಗೆಯೇ ಬೇಕು. ನಾಲಗೆ ಚಾಚಿದಾಗ ಗಾಳಿಯ, ಮಣ್ಣಿನ ಸೂಕ್ಷ್ಮ ಕಣಗಳು ತುದಿಗಳಿಗೆ ಅಂಟುತ್ತವೆ. ಒಳಗೆಳೆದುಕೊಂಡಾಗ ಅವು ಅಂಗುಳಿನ ಮೇಲಿರುವ ಒಂದು ಜೊತೆ ಪುಟ್ಟ ಚೀಲಗಳನ್ನು ಸೇರುತ್ತವೆ. ಜೇಕಬ್‌ಸನ್ ಅಂಗ ಎಂದರೆ ಇದೇ. ಅಲ್ಲಿಂದ ಸುದ್ದಿ ನೇರ ಮಿದುಳಿಗೆ.

ಸರಿ, ತುದಿ ಸೀಳಿರುವುದೇಕೆ? ಹಾವುಗಳ ಬಗ್ಗೆ ಇದೇ ಪ್ರಶ್ನೆಗೆ ಅಮೆರಿಕದ ಜೀವವಿಜ್ಞಾನಿ ಕರ್ಟ್ ಶ್ವೆಂಕ್ 1994ರಲ್ಲಿ ಕೊಟ್ಟ ಉತ್ತರ ಉಡಕ್ಕೂ ಹೊಂದುತ್ತದೆ. ಎರಡು ಕವಲುಗಳು ಅಗಲವಾಗಿ ಬಿಚ್ಚಿಕೊಂಡು ಎರಡು ಬೇರೆ ಜಾಗಗಳ ವಾಸನೆಯನ್ನು ಒಟ್ಟಿಗೇ ತರುತ್ತವೆ. ಸದ್ದು ಯಾವ ಕಡೆಯದೆಂದು ನಮ್ಮ ಎರಡು ಕಿವಿಗಳು ಹೇಳುವ ಹಾಗೆಯೇ ಇದೂ. ಎಡಗವಲಿನಲ್ಲಿ ವಾಸನೆ ಗಾಢವಾಗಿದ್ದರೆ ಉಡ ಎಡಕ್ಕೆ ತಿರುಗುತ್ತದೆ. ಎರಡರಲ್ಲೂ ಸಮನಾಗಿದ್ದರೆ ನೇರ ನಡೆಯುತ್ತದೆ. ಇಂಡೊನೇಷ್ಯಾದ ಕೊಮೊಡೊ ದ್ವೀಪದ ದೈತ್ಯ ಉಡ, ಗಾಳಿ ಅನುಕೂಲವಾಗಿದ್ದರೆ, 4 ಕಿಲೋಮೀಟರ್ ಆಚೆಯ ಹೆಣವನ್ನೂ ಹುಡುಕಿಕೊಂಡು ಬರಬಲ್ಲದು.

ನಮ್ಮ ಉಡದ ಬೇಟೆ ಅಷ್ಟು ದೊಡ್ಡದಲ್ಲ. ತಲೆ ತಗ್ಗಿಸಿ ನಿಧಾನ ನಡೆಯುತ್ತ ತರಗೆಲೆಗೆ ನಾಲಗೆ ತಾಗಿಸುತ್ತದೆ, ನಿಲ್ಲುತ್ತದೆ, ಅದೇ ಜಾಗಕ್ಕೆ ಇನ್ನೊಮ್ಮೆ ತಾಗಿಸುತ್ತದೆ. ಆಮೇಲೆ ಉಗುರಿನಿಂದ ಕೆರೆಯುತ್ತದೆ. ಮಣ್ಣಿನಡಿ ಕಣ್ಣಿಗೆ ಕಾಣದಂತೆ ಅಡಗಿದ್ದ ದುಂಬಿಯ ಮರಿಹುಳು ಬಾಯಿಗೆ ಬರುತ್ತದೆ. ವಾಸನೆಗೇ ಮೀಸಲಾದ ನಾಲಗೆ ತುತ್ತು ಹೊರಳಿಸಲು ಒದಗುವುದಿಲ್ಲ. ಹಾಗಾಗಿ ಕತ್ತೆತ್ತಿ ಝಾಡಿಸಿ, ಗಂಟಲಿಗೆ ಎಸೆದುಕೊಂಡು ನುಂಗುತ್ತದೆ. ಹುಳು, ಇಲಿ, ಏಡಿ, ಮೊಟ್ಟೆ, ಸತ್ತ ಪ್ರಾಣಿ ಯಾವುದನ್ನೂ ಅದು ಬೇಡವೆನ್ನುವುದಿಲ್ಲ.

ಹುಳು, ಇಲಿಗಳನ್ನು ಹೀಗೆ ಹುಡುಕಿ ತಿನ್ನುವ ಪ್ರಾಣಿಯನ್ನು ನಾವು ಮಾಂಸಕ್ಕೆ, ಎಣ್ಣೆಗೆ, ಬರಿಯ ಭಯಕ್ಕೆ ಕೊಲ್ಲುತ್ತಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡವಿದೆ, ಕೊಂದರೆ ಜೈಲು. ಬದುವಿನಲ್ಲಿ ನಾಲಗೆ ಚಾಚುತ್ತ ಹೋಗುವ ಉಡ ಕಂಡರೆ ದಯವಿಟ್ಟು ದಾರಿ ಬಿಡಿ, ನಾಯಿಯನ್ನೂ ಹಿಡಿದುಕೊಳ್ಳಿ.