ವಾಲಿದತ್ತ ಹಾರುವ ಆಟ

ಕಾವ್ಯಕ್ಕೆ ವಿಮರ್ಶಕರುಂಟು, ನಾಟಕಕ್ಕೂ ಚಲಚ್ಚಿತ್ರಕ್ಕೂ ಉಂಟು. ಅಡುಗೆಯ ಗುಣದೋಷಗಳನ್ನು ಎತ್ತಿ ಆಡದ ಮನೆಯಂತೂ ಇರಲಾರದು. ಆದರೆ ಮೊಬೈಲಿನೊಳಗಿನ ಆಟಕ್ಕೆ ಮಾತ್ರ ನಮ್ಮಲ್ಲಿ ಎರಡೇ ತೀರ್ಪುಗಳು. ಆಡುವವನು ‘ಬಹಳ ಚೆನ್ನಾಗಿದೆ’ ಎನ್ನುತ್ತಾನೆ. ಆಡಲು ಬಿಡದವರು ‘ಹಾಳು ಆಟ’ ಎನ್ನುತ್ತಾರೆ. ಕಾರಣ ಕೇಳಿದರೆ ಇಬ್ಬರೂ ನಿರುತ್ತರರು. ಮಗನ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವ ತಂದೆಯು, ತಾನು ಕಸಿದುಕೊಂಡದ್ದೇನೆಂಬುದನ್ನು ಒಮ್ಮೆ ನೋಡಿದ್ದಾದರೆ ಅವನ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಅಂಥದೊಂದು ಆಟವನ್ನು ಪರೀಕ್ಷೆಗೆ ಎತ್ತಿಕೊಳ್ಳೋಣ. ಅದರ ಹೆಸರು ‘ಡೂಡಲ್ ಜಂಪ್’. ಕ್ರೊಯೇಷಿಯಾ ದೇಶದ ಸೋದರರಾದ ಇಗೋರ್ ಮತ್ತು ಮಾರ್ಕೊ ಪುಶೆನ್ಯಾಕ್ ಇದನ್ನು ರಚಿಸಿ 2009ರಲ್ಲಿ ಐಫೋನಿಗಾಗಿ ಹೊರತಂದರು. ಮುಂದೆ ಅದು ಆಂಡ್ರಾಯ್ಡ್ ಮೊಬೈಲುಗಳಿಗೂ ಬಂದಿತು. ಹಾಗಾಗಿ ಬಳಗಾನೂರಿನಂಥ ಊರಿನ ಹುಡುಗನಿಗೂ ಅದು ಎಟುಕದ ಹಣ್ಣೇನಲ್ಲ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಂಥ ಹಿನ್ನೆಲೆ. ಅದರ ಮೇಲೆ ಉದ್ದ ಮೂತಿಯ, ನಾಲ್ಕು ಕಾಲಿನ ಒಂದು ವಿಚಿತ್ರ ಪ್ರಾಣಿ. ಅದು ತನ್ನಷ್ಟಕ್ಕೆ ತಾನೇ ನೆಗೆಯುತ್ತಿರುತ್ತದೆ. ಆಡುವವನು ಮೊಬೈಲನ್ನು ಎಡಕ್ಕೆ ವಾಲಿಸಿದರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ ಹಾರುತ್ತದೆ. ಹಲಗೆಯಿಂದ ಹಲಗೆಗೆ ನೆಗೆಸುತ್ತ ಅದನ್ನು ಮೇಲೆ ಮೇಲೆ ಒಯ್ಯಬೇಕು. ಕೆಳಗೆ ಬಿದ್ದರೆ ಆಟ ಮುಗಿಯಿತು.

ಇಂಥ ಆಟವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವು ಔಚಿತ್ಯದಲ್ಲಿದೆಯೆಂದು ವಾದಿಸಿದನು. ಯಾವುದು ಯಾವುದಕ್ಕೆ ಹೊಂದಬೇಕೋ ಅದು ಅದಕ್ಕೆ ಹೊಂದಿರಬೇಕು. ಕೊರಳ ಹಾರವನ್ನು ಕಾಲಿಗೆ ಕಟ್ಟಿದರೆ ಹಾರದ ಬೆಲೆ ಕುಗ್ಗದಿದ್ದರೂ ಕಟ್ಟಿಕೊಂಡವನು ನಗೆಪಾಟಲಾಗುತ್ತಾನೆ. ಮೈಕೈಗಳ ಚಲನೆಯಿಂದ ಆಡುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯದು. ಕೈಯ ಚಲನೆಗೂ ತೆರೆಯ ಮೇಲಿನ ಚಲನೆಗೂ ಹೊಂದಿಕೆಯಿದೆಯೆ? ಪ್ರಶ್ನೆ ಇಷ್ಟೆ.

ಈ ಪ್ರಶ್ನೆಗೆ ಡೂಡಲ್ ಜಂಪ್ ತಲೆಯೆತ್ತಿ ಉತ್ತರ ಕೊಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೀರು ನಿಂತ ಗದ್ದೆಯ ಕಿರಿದಾದ ಬದುವಿನ ಮೇಲೆ ನಡೆಯುವವರನ್ನು ನೋಡಬೇಕು. ಕಾಲು ಜಾರುವ ಮೊದಲೇ ಮೈ ಇತ್ತ ವಾಲಿರುತ್ತದೆ. ಹಾಗೆ ವಾಲೆಂದು ಅವರಿಗೆ ಯಾರೂ ಪಾಠ ಹೇಳಿರುವುದಿಲ್ಲ. ಹೋಗಬೇಕಾದ ಕಡೆಗೆ ವಾಲುವುದು ಶರೀರದ ಹುಟ್ಟುಗುಣ. ಆಟವು ಆ ಹುಟ್ಟುಗುಣವನ್ನೇ ಕೇಳುತ್ತದೆ, ಬೇರೇನನ್ನೂ ಕೇಳುವುದಿಲ್ಲ. ನೆಗೆಯಲು ಗುಂಡಿಯಿಲ್ಲ, ಯಾವಾಗ ನೆಗೆಯಬೇಕೆಂಬ ಚಿಂತೆಯಿಲ್ಲ, ಎಲ್ಲಿ ಇಳಿಯಬೇಕೆಂಬುದೊಂದೇ ಚಿಂತೆ. ಆದುದರಿಂದ ಅಕ್ಷರ ಬಾರದ ಅಜ್ಜಿಯೂ ಮೊಮ್ಮಗನಷ್ಟೇ ಬೇಗ ಇದನ್ನು ಕಲಿಯಬಲ್ಲಳು. ತೆರೆಯ ಬಲದಂಚಿನಿಂದ ಹೊರಗೆ ಹೋದ ಪ್ರಾಣಿ ಎಡದಂಚಿನಿಂದ ಒಳಗೆ ಬರುವ ಏರ್ಪಾಡೂ ಜಾಣತನದ್ದು. ಅಂಗೈಯಗಲದ ತೆರೆ ಇದರಿಂದ ಇಕ್ಕಟ್ಟೆನಿಸುವುದಿಲ್ಲ. ಹಲಗೆಗಳ ಬಣ್ಣವೂ ಪ್ರಾಮಾಣಿಕವಾದುದು. ಹಸಿರು ಗಟ್ಟಿ, ನೀಲಿ ಅತ್ತಿತ್ತ ಚಲಿಸುವಂಥದು, ಕಂದು ಮುರಿಯುವಂಥದು. ಕಂದುಹಲಗೆಯನ್ನು ನಂಬಿ ಕೆಟ್ಟವನು ಮೋಸಹೋದೆನೆಂದು ದೂರುವಂತಿಲ್ಲ.

ಔಚಿತ್ಯ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಬೇಕಾದರೆ ಜಪಾನಿನ ನಿಂಟೆಂಡೊ ಸಂಸ್ಥೆಯು 2010ರಲ್ಲಿ ತನ್ನ ‘ವೀ’ ಯಂತ್ರಕ್ಕಾಗಿ ಪ್ರಕಟಿಸಿದ ‘ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್’ ಎಂಬ ಆಟವನ್ನು ನೋಡಬಹುದು. ಅಂದಚೆಂದದಲ್ಲಿಯೂ ಕಲ್ಪನೆಯಲ್ಲಿಯೂ ಅದು ಶ್ರೀಮಂತ. ಆದರೆ ಅದರ ಕಪಿನಾಯಕನು ಉರುಳಬೇಕಾದರೆ ಆಡುವವನು ಕೈಯಲ್ಲಿನ ಸಾಧನವನ್ನು ಕುಲುಕಬೇಕು. ನೆಲವನ್ನು ಗುದ್ದಬೇಕಾದರೂ ಕುಲುಕಬೇಕು. ಬಗ್ಗಿ ಗಾಳಿ ಊದಬೇಕಾದರೂ ಕುಲುಕಬೇಕು. ನಿಂತಾಗ ಒಂದು ಫಲ, ಓಡುವಾಗ ಇನ್ನೊಂದು, ಬಗ್ಗಿದಾಗ ಮತ್ತೊಂದು. ಗುದ್ದಲೆಂದು ಕುಲುಕಿದ ಕ್ಷಣದಲ್ಲಿ ಕಪಿಯ ಕಾಲು ಒಂದಿಷ್ಟು ಚಲಿಸುತ್ತಿದ್ದರೆ ಅವನು ಉರುಳಿ ಪ್ರಪಾತಕ್ಕೆ ಬೀಳುವನು. ಇಲ್ಲಿ ಕೈಯ ಚಲನೆ ಒಂದು, ತೆರೆಯ ಚಲನೆ ಇನ್ನೊಂದು. ಇದೇ ಆಟವು 2013ರಲ್ಲಿ ಕೈಯಲ್ಲಿ ಹಿಡಿದಾಡುವ ‘ತ್ರೀ ಡಿಎಸ್’ ಯಂತ್ರಕ್ಕೆ ಬಂದಾಗ ಕುಲುಕುವುದು ಹೋಗಿ ಗುಂಡಿ ಒತ್ತುವುದು ಬಂದಿತು. ಆಟಕ್ಕೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ತೆಗೆದುಹಾಕಿದರೂ ನಷ್ಟವಾಗದಂಥದು ಅಲಂಕಾರವಲ್ಲ, ಭಾರ.

ಹಾಗಾದರೆ ಡೂಡಲ್ ಜಂಪ್ ನಿರ್ದೋಷವೆ? ಅಲ್ಲ. ಅದರ ದೋಷಗಳು ಅದರ ಗುಣದಿಂದಲೇ ಹುಟ್ಟಿದಂಥವು. ಮೊಬೈಲಿನೊಳಗೆ ವಾಲುವಿಕೆಯನ್ನು ಅರಿಯಲು ಒಂದು ಸೂಕ್ಷ್ಮ ಸಾಧನವಿದೆ. ಸಿಲಿಕಾನಿನ ಕಣದಷ್ಟು ತುಂಡೊಂದು ಅದರಲ್ಲಿ ತೂಗುಬಿದ್ದಿರುತ್ತದೆ. ವಾಲಿಸಿದಾಗ ಭೂಮಿಯ ಸೆಳೆತದಿಂದ ಅದು ಕೂದಲೆಳೆಗಿಂತ ಕಡಿಮೆ ಸರಿಯುತ್ತದೆ. ಆ ಸರಿತವನ್ನು ವಿದ್ಯುತ್ತು ಅಳೆಯುತ್ತದೆ. ಆದರೆ ಭೂಮಿಯ ಸೆಳೆತ ಯಾವುದು, ವಾಹನದ ಎಳೆತ ಯಾವುದು ಎಂಬ ಭೇದ ಆ ತುಂಡಿಗೆ ತಿಳಿಯದು. ಬಳಗಾನೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಆಡುವ ಹುಡುಗನು ಇದನ್ನು ಬಲ್ಲ. ಬಸ್ಸು ಎಡಕ್ಕೆ ಹೊರಳುತ್ತಲೂ ಪ್ರಯಾಣಿಕರೆಲ್ಲ ಬಲಕ್ಕೆ ವಾಲುತ್ತಾರೆ. ಅವರೊಡನೆ ಆ ಪ್ರಾಣಿಯೂ ಬಲಕ್ಕೆ ಹಾರಿ ಹಲಗೆ ತಪ್ಪುತ್ತದೆ. ಹುಡುಗನು ‘ಫೋನು ಕೆಟ್ಟೈತಿ’ ಎನ್ನುತ್ತಾನೆ. ಕೆಟ್ಟಿರುವುದೇನೂ ಇಲ್ಲ; ಮೊಬೈಲು ತಾನು ಕಂಡ ಸತ್ಯವನ್ನೇ ಹೇಳಿದೆ. ಒಕ್ಕಡೆ ಮಲಗಿ ಆಡಿದರೂ ಇದೇ ಪಾಡು. ನೆಲ ನೆಟ್ಟಗಿರಬೇಕು, ಮೈ ನೆಟ್ಟಗಿರಬೇಕು. ಆಗಲೇ ಈ ಆಟ ನೆಟ್ಟಗಿರುವುದು.

ಇನ್ನೂ ಎರಡು ಕುಂದುಗಳುಂಟು. ಎದುರಾಗುವ ರಾಕ್ಷಸರನ್ನು ಹೊಡೆಯಲು ತೆರೆಯನ್ನು ಬೆರಳಿನಿಂದ ತಟ್ಟಬೇಕು. ತಟ್ಟಿದಾಗ ಮೊಬೈಲು ಅಲುಗುತ್ತದೆ, ಅಲುಗಿದರೆ ನಡೆ ತಪ್ಪುತ್ತದೆ. ಬೆರಳು ನೋಟಕ್ಕೂ ಅಡ್ಡ ಬರುತ್ತದೆ. ಎರಡನೆಯದಾಗಿ, ಏರಿದ ಎತ್ತರವೇ ಇಲ್ಲಿ ಅಂಕ. ದಾರಿಯಲ್ಲಿ ಬೆನ್ನಿಗೆ ಕಟ್ಟುವ ರಾಕೆಟ್ಟೊಂದು ಸಿಕ್ಕಿದರೆ, ಪ್ರಯಾಸದಿಂದ ಏರಬೇಕಾದಷ್ಟು ಎತ್ತರವನ್ನು ಪುಕ್ಕಟೆಯಾಗಿ ಏರಿಬಿಡಬಹುದು. ಕೊನೆಯ ಲೆಕ್ಕದಲ್ಲಿ ಕೈಚಳಕದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂಬುದು ಗೊತ್ತಾಗುವುದಿಲ್ಲ.

ಆಟವು 2013ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ‘ಕಿನೆಕ್ಟ್’ ಸಾಧನಕ್ಕೂ ಬಂದಿತು. ಅಲ್ಲಿ ಕ್ಯಾಮೆರಾದ ಕಣ್ಣಿನೆದುರು ಆರಡಿಯಷ್ಟು ದೂರದಲ್ಲಿ ನಿಂತು ಇಡೀ ಮೈಯಿಂದ ಆಡಬೇಕು. ವಾಲುವುದಕ್ಕೆ ಕೈಗಿಂತ ಮೈ ಉಚಿತವೆಂದು ತೋರಬಹುದು. ಆದರೆ ಬೇಸಿಗೆಯ ರಾಯಚೂರು ಸೀಮೆಯಲ್ಲಿ ಹೊತ್ತುಗಟ್ಟಲೆ ಹಾಗೆ ಆಡಲು ಮನಸ್ಸು ಮಾಡುವವರು ವಿರಳ. ಕಿನೆಕ್ಟಿನ ತಯಾರಿಕೆಯೂ 2017ರಲ್ಲಿ ನಿಂತುಹೋಯಿತು. ಅಂಗೈಯೊಳಗಿನ ಆಟ ಉಳಿದುಕೊಂಡಿತು.

ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಈ ಆಟಕ್ಕೆ ಕೊನೆಯೇ ಇಲ್ಲದಿರುವುದು. ಗೆದ್ದೆನೆನ್ನುವ ಗಳಿಗೆ ಇಲ್ಲಿ ಬರುವುದೇ ಇಲ್ಲ. ಬಿದ್ದೆನೆನ್ನುವ ಗಳಿಗೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ಬಿದ್ದವನಿಗೆ ಇನ್ನೊಮ್ಮೆ ಏರುವ ಹಟ ಹುಟ್ಟುವುದು ಸಹಜ. ತಂದೆತಾಯಿಯರ ಕೋಪಕ್ಕೆ ನಿಜವಾದ ಕಾರಣವಿರುವುದು ಇಲ್ಲಿ. ‘ಹತ್ತು ನಿಮಿಷ ಸಾಕು’ ಎಂದು ಅವರು ಗಡಿಯಾರ ತೋರಿಸುತ್ತಾರೆ. ಹತ್ತನೆಯ ನಿಮಿಷ ಬಂದಾಗ ಮಗನು ಅರ್ಧಾಕಾಶದಲ್ಲಿರುತ್ತಾನೆ; ಜಗಳ ಶುರುವಾಗುತ್ತದೆ.

ಅಂಗಳದ ಕುಂಟೆಬಿಲ್ಲೆ ಈ ತೊಡಕನ್ನು ಎಂದೋ ಬಿಡಿಸಿದೆ. ಅಲ್ಲಿಯೂ ಮನೆಯಿಂದ ಮನೆಗೆ ನೆಗೆತ, ಅಲ್ಲಿಯೂ ಮೈಯ ತೂಕವೇ ಬಂಡವಾಳ. ಗೆರೆ ತುಳಿದವರು ಮರುಮಾತಿಲ್ಲದೆ ಸರಿದು ನಿಲ್ಲುತ್ತಾರೆ, ಮುಂದಿನವರು ಆಡುತ್ತಾರೆ. ಒಂದೇ ಮೊಬೈಲಿರುವ ಮನೆಯಲ್ಲಿ ಅಣ್ಣ ತಂಗಿಯರಿಗೆ ಈ ಕಟ್ಟಳೆಯನ್ನೇ ಹಾಕಬಹುದು: ಬಿದ್ದವರು ಮುಂದಿನವರಿಗೆ ಕೊಡಬೇಕು, ಒಬ್ಬೊಬ್ಬರಿಗೆ ಮೂರು ಬೀಳುವಿಕೆ, ಅಲ್ಲಿಗೆ ಆಟ ಮುಗಿಯಿತು. ಸರದಿಯಲ್ಲಿ ತಂದೆಯೂ ಕುಳಿತುಕೊಂಡರೆ ಅಡ್ಡಿಯಿಲ್ಲ. ಮೊದಲ ಸಲವೇ ಕಂದುಹಲಗೆಯ ಮೇಲೆ ಕಾಲಿಟ್ಟು ಬೀಳುವವನು ಬಹುಶಃ ಅವನೇ.