ಜಿಲ್ಲೆಗೊಂದು ಕೋವಿ ನಿಷೇಧ ಯಾರನ್ನು ತಡೆಯುತ್ತದೆ?

ಸಂಪಾದಕರಿಗೆ,



ಮಲೆನಾಡಿನಲ್ಲಾಗಲಿ ಅದರ ಮಗ್ಗುಲಿನ ಬಯಲುಸೀಮೆಯಲ್ಲಾಗಲಿ ಗುಂಡೇಟಿಗೆ ಜೀವ ಹೋದ ಸುದ್ದಿ ಬಂದಾಗಲೆಲ್ಲ, ಆ ಜಿಲ್ಲೆಯ ಪರವಾನಗಿ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿಕೊಂಡು ಅಷ್ಟು ಪ್ರದೇಶವನ್ನು ಕೋವಿಮುಕ್ತ ಮಾಡಬೇಕೆಂಬ ಒತ್ತಾಯ ಕೇಳಿಬರುತ್ತದೆ. ಒತ್ತಾಯದ ಹಿಂದಿನ ಕಳವಳ ನ್ಯಾಯವಾದದ್ದೇ ಆದರೂ, ಹೀಗೆ ಗಡಿ ಎಳೆದು ಹೊರಡಿಸುವ ಸ್ಥಳೀಯ ನಿಷೇಧದಿಂದ ಸಾಮೂಹಿಕ ಹತ್ಯೆ ನಿಲ್ಲುತ್ತದೆಂಬ ನಂಬಿಕೆಗೆ ಹಾಸನ, ಚಿಕ್ಕಮಗಳೂರು, ಕೊಡಗುಗಳ ಅನುಭವವಾಗಲಿ ಹೊರದೇಶದ ಅನುಭವವಾಗಲಿ ಆಧಾರ ಒದಗಿಸುವುದಿಲ್ಲ.

ಸಾಮೂಹಿಕ ಹತ್ಯೆ ಎಂದರೆ ಒಂದೇ ಘಟನೆಯಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಕೊಲೆಯಾಗುವುದೆಂದು ಅಮೆರಿಕದ 2012ರ ಕಾಯ್ದೆಯೊಂದು ವಿವರಿಸುತ್ತದೆ. ಶಾಲೆಗೋ ಸಂತೆಗೋ ನುಗ್ಗಿ ಕಂಡಕಂಡವರ ಮೇಲೆ ಗುಂಡು ಹಾರಿಸುವ ಬಗೆ ಈ ನಾಡಿನಲ್ಲಿ ಬೇರೂರಿಲ್ಲ. ಇಲ್ಲಿ ಆಗಿರುವುದು ಮನೆಯೊಳಗಿನ ಹತ್ಯೆ. 2025ರ ಏಪ್ರಿಲ್ 1ರ ರಾತ್ರಿ ಬಾಳೆಹೊನ್ನೂರು ಬಳಿಯ ಮಾಗಲು ಗ್ರಾಮದಲ್ಲಿ ಕೌಟುಂಬಿಕ ಕಲಹದಿಂದ ಕುದಿಯುತ್ತಿದ್ದ ವ್ಯಕ್ತಿಯೊಬ್ಬ ತನ್ನ ಪುಟ್ಟ ಮಗಳನ್ನೂ ಅತ್ತೆಯನ್ನೂ ನಾದಿನಿಯನ್ನೂ ಗುಂಡಿಕ್ಕಿ ಕೊಂದು, ಬಳಿಕ ತಾನೂ ಪ್ರಾಣ ಕಳೆದುಕೊಂಡ. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ ಕೊನೆಯಲ್ಲಿ, ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನಲ್ಲಿ ಒಂದೇ ಕುಟುಂಬದ ನಾಲ್ವರು ಕತ್ತಿಯೇಟಿಗೆ ಬಲಿಯಾಗಿದ್ದರು. 2021ರ ಏಪ್ರಿಲ್‌ನಲ್ಲಿ ಅದೇ ಸೀಮೆಯ ಮುಗುಟಗೇರಿಯಲ್ಲಿ ಕುಡಿದ ಮತ್ತಿನವನೊಬ್ಬ ಮನೆಗೆ ಪೆಟ್ರೋಲ್ ಸುರಿದು ಬೆಂಕಿಯಿಟ್ಟಾಗ ಮಕ್ಕಳೂ ಸೇರಿ ಹಲವರು ಸುಟ್ಟು ಸತ್ತರು. ಕೋವಿ ಕೈಯಲ್ಲಿದ್ದರೆ ಕೊಲ್ಲುವುದು ಬೇಗ, ತಪ್ಪಿಸಿಕೊಳ್ಳುವುದು ಕಷ್ಟ ಎಂಬುದನ್ನು ಅಲ್ಲಗಳೆಯುವಂತಿಲ್ಲವಾದರೂ, ಮೂರೂ ಕಡೆ ಕೊಂದವನು ಹೊರಗಿನವನಲ್ಲ, ಸತ್ತವರಿಗೆ ಹತ್ತಿರದವನೇ ಎಂಬುದು ಮುಂದಿನ ವಾದಕ್ಕೆ ಮುಖ್ಯವಾಗುತ್ತದೆ.

ಕೊಡಗಿನ ಮಾತು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬೇಕು, ಏಕೆಂದರೆ ಅಲ್ಲಿರುವುದು ಸ್ಥಳೀಯ ನಿಷೇಧಕ್ಕೆ ನೇರ ವಿರುದ್ಧವಾದ ಸ್ಥಳೀಯ ವಿನಾಯಿತಿ. ಬ್ರಿಟಿಷರು 1861ರಲ್ಲಿ ಕೊಡವರಿಗೆ ಕೊಟ್ಟ ರಿಯಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಮುಂದುವರಿದು, ಕೊಡವರೂ ಜಮ್ಮಾ ಹಿಡುವಳಿದಾರರೂ, ಅಂದರೆ ಸೈನಿಕ ಸೇವೆಯ ಹಿನ್ನೆಲೆಯಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿಯನ್ನು ಅನುಭವಿಸುತ್ತಿರುವವರೂ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು, ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವ ಆ ನಾಡು ಗುಂಡಿನ ಹತ್ಯಾಕಾಂಡಗಳ ನಾಡೆಂದು ಹೆಸರಾಗಿಲ್ಲ. ಹಾಗೆಂದು ವಿನಾಯಿತಿಯನ್ನು ಎಲ್ಲೆಡೆ ಹಂಚಬೇಕೆಂಬುದು ಈ ಪತ್ರದ ಇಂಗಿತವಲ್ಲ. ಜಾತಿ ಮತ್ತು ಹಿಡುವಳಿಯನ್ನು ನೋಡಿ ಕೊಡುವ ವಿನಾಯಿತಿಯ ಬಗ್ಗೆ ಬೇರೆಯೇ ತಕರಾರುಗಳಿವೆ, ಅವನ್ನು ಇನ್ನೊಂದು ಪತ್ರಕ್ಕೆ ಬಿಡುವುದು ಲೇಸು.

ಹಾಸನ ಜಿಲ್ಲೆಗೆ ಸ್ಥಳೀಯ ನಿಷೇಧ ಹೊಸದೇನಲ್ಲ. ಪ್ರತಿ ಚುನಾವಣೆಗೂ, ನೀತಿ ಸಂಹಿತೆ ಇರುವಷ್ಟು ಕಾಲ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ರೂಪದಲ್ಲಿ, ಅದು ಬಂದು ಹೋಗುತ್ತದೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ಜಾರಿಯಾದ ನೀತಿ ಸಂಹಿತೆ, ಇಲ್ಲಿ ಏಪ್ರಿಲ್ 26ರಂದೇ ಮತದಾನ ಮುಗಿದರೂ, ಜೂನ್ 4ರ ಎಣಿಕೆಯ ತನಕ ತೆರವಾಗಲಿಲ್ಲ. ಇಂಥ ಅವಧಿಯಲ್ಲಿ ಠಾಣೆ ಸೇರುವ ಕೋವಿಗಳು ಯಾವ ಬಗೆಯವೆಂಬುದನ್ನು ಹತ್ತಿರದಿಂದ ನೋಡಬೇಕು. ಬೆಳೆ ರಕ್ಷಣೆಗೆಂದು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಮೊದಲು ಒಪ್ಪುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು; ಹಳ್ಳಿಯವರು ಅದನ್ನು ಕೇಪಿನ ಕೋವಿ ಎನ್ನುತ್ತಾರೆ. ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಿದರೆ ಒಂದು ಈಡು. ಎರಡನೆಯದಕ್ಕೆ ಅಷ್ಟನ್ನೂ ಮೊದಲಿನಿಂದ ಮಾಡಬೇಕು. ಇಂಥ ಆಯುಧಕ್ಕೆ ಚೀಟಿ ಕಟ್ಟಿ, ಠಾಣೆಯ ಮೂಲೆಯಲ್ಲಿ ಒರಗಿಸಿ, ತಿಂಗಳುಗಳ ನಂತರ ತುಕ್ಕಿನ ಸಮೇತ ಹಿಂದಿರುಗಿಸುವ ಏರ್ಪಾಡಿನಿಂದ ಹಾರನಹಳ್ಳಿ, ಜಾವಗಲ್ ಕಡೆಯ ತೆಂಗಿನ ತೋಟಕ್ಕೆ ನುಗ್ಗುವ ಕಾಡುಹಂದಿಗೆ ಅನುಕೂಲವಾಗುತ್ತದೆ, ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ಬೆಳೆಗಾರನಿಗೆ ಆನೆಯನ್ನು ಬೆದರಿಸುವ ಒಂದು ಸದ್ದು ಇಲ್ಲವಾಗುತ್ತದೆ. ಕೋವಿ ಇಲ್ಲದ ರೈತ ಬೇಲಿಗೆ ಕರೆಂಟು ಹಾಯಿಸುವ, ಉರುಳು ಒಡ್ಡುವ, ಸಿಡಿಮದ್ದು ಇಡುವ ದಾರಿ ಹಿಡಿದರೆ ಅದರಿಂದ ಸಾಯುವುದು ಹಂದಿಯೊಂದೇ ಅಲ್ಲ.

ಆ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ, ಜೂನ್ 20ರಂದು, ಹಾಸನ ನಗರದ ಹೊಯ್ಸಳನಗರದಲ್ಲಿ ಆಸ್ತಿ ವ್ಯವಹಾರದ ಜಗಳಕ್ಕೆ ಒಬ್ಬ ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದು ತನಗೂ ಹಾರಿಸಿಕೊಂಡ. ಇದರಿಂದ ಠೇವಣಿ ವಿಫಲವೆಂದು ತೀರ್ಮಾನಿಸುವುದು ಆತುರವಾದೀತು. ಗಡುವಿರುವ ನಿಷೇಧ ಗಡುವಿನಾಚೆಗೆ ಏನನ್ನೂ ಕಾಯುವುದಿಲ್ಲ ಎಂದಷ್ಟೇ ಹೇಳಬಹುದು.

ಕಾನೂನಿನ ಮಿತಿಯೂ ಇದೆ. ಜಿಲ್ಲಾ ದಂಡಾಧಿಕಾರಿ ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಅಡಿ, ಅಂದರೆ ಜನ ಇಂದಿಗೂ 144 ಎಂದೇ ಕರೆಯುವ ಅಧಿಕಾರದ ಅಡಿ, ಹೊರಡಿಸುವ ಆದೇಶದ ಆಯಸ್ಸು ಎರಡು ತಿಂಗಳು. ರಾಜ್ಯ ಸರ್ಕಾರ ವಿಸ್ತರಿಸಿದರೂ ಮತ್ತೆ ಆರು ತಿಂಗಳಿಗಿಂತ ಮುಂದೆ ಹೋಗದು. ಇಡೀ ಪ್ರದೇಶದಲ್ಲಿ ಆಯುಧ ಹೊಂದುವುದನ್ನೇ ನಿಷೇಧಿಸುವ 24ಎ ಕಲಮು ಶಸ್ತ್ರಾಸ್ತ್ರ ಕಾಯ್ದೆಯಲ್ಲಿದ್ದರೂ ಅದು ವ್ಯಾಪಕ ಅಶಾಂತಿಯ ಪ್ರದೇಶಗಳಿಗೆ ಮೀಸಲು. ಇನ್ನು ಗಡಿಯ ಮಾತೆಂದರೆ, ಬಾಣಾವರ ದಾಟಿದರೆ ಕಡೂರು, ಅದು ಚಿಕ್ಕಮಗಳೂರು ಜಿಲ್ಲೆ. ಅರಸೀಕೆರೆಯಿಂದ ಪೂರ್ವಕ್ಕೆ ಹೊರಟರೆ ತಿಪಟೂರು, ಅದು ತುಮಕೂರು ಜಿಲ್ಲೆ. ಕೊಬ್ಬರಿ ತುಂಬಿದ ಲಾರಿ ದಾಟುವ ಗಡಿಯನ್ನು ಪಿಸ್ತೂಲು ದಾಟದೆಂದು ನಂಬುವುದು ಕಷ್ಟ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಮಿಲಿಮೀಟರ್‌ನ ನಾಡ ಪಿಸ್ತೂಲಿನ ಗುಂಡುಗಳು. ಯಾವ ಠಾಣೆಯ ಠೇವಣಿ ಪುಸ್ತಕದಲ್ಲೂ ಅಂಥ ಆಯುಧ ನಮೂದಾಗುವುದಿಲ್ಲ.

ಸ್ಥಳೀಯ ನಿಷೇಧದ ಬಲಾಬಲವನ್ನು ಅಮೆರಿಕದ ಹೈಲ್ಯಾಂಡ್ ಪಾರ್ಕ್ ಪಟ್ಟಣದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೆ ಸಿಗಲಾರದು. ಷಿಕಾಗೊ ಸಮೀಪದ ಆ ಪಟ್ಟಣ, ಸರಸರನೆ ಗುಂಡು ಕಾರುವ ಸೈನಿಕ ಮಾದರಿಯ ಬಂದೂಕುಗಳನ್ನು 2013ರಲ್ಲೇ ತನ್ನ ಎಲ್ಲೆಯೊಳಗೆ ನಿಷೇಧಿಸಿತ್ತು. 2022ರ ಜುಲೈ 4ರ ಸ್ವಾತಂತ್ರ್ಯ ದಿನದ ಮೆರವಣಿಗೆಯ ಮೇಲೆ ಯುವಕನೊಬ್ಬ ಅಂಥದೇ ಬಂದೂಕಿನಿಂದ ಗುಂಡಿನ ಮಳೆಗರೆದು ಏಳು ಜನರನ್ನು ಕೊಂದ. ಬಂದೂಕನ್ನು ಅವನು ಅದೇ ರಾಜ್ಯದಲ್ಲಿ ಕಾನೂನುಬದ್ಧವಾಗಿಯೇ ಕೊಂಡಿದ್ದ. ಇನ್ನೂ ಗಮನಿಸಬೇಕಾದದ್ದೆಂದರೆ, 2019ರಲ್ಲಿ ಅವನು ಮನೆಯವರನ್ನೆಲ್ಲ ಕೊಲ್ಲುವುದಾಗಿ ಹೇಳಿದ್ದಾನೆಂಬ ದೂರಿನ ಮೇಲೆ ಪೊಲೀಸರು ಅವನ ಮನೆಯಿಂದ ಚಾಕುಗಳನ್ನು ವಶಪಡಿಸಿಕೊಂಡಿದ್ದರು. ಹಾಗಿದ್ದೂ ಕೆಲವೇ ತಿಂಗಳಲ್ಲಿ, ತಂದೆಯ ಸಮ್ಮತಿ ಪತ್ರದ ಬಲದಿಂದ, ಅವನಿಗೆ ಬಂದೂಕು ಕೊಳ್ಳುವ ಗುರುತುಚೀಟಿ ಸಿಕ್ಕಿತು. ಊರಿನ ನಿಷೇಧ ಊರಿನ ಎಲ್ಲೆಯಲ್ಲಿ ನಿಂತಿತ್ತು, ವ್ಯಕ್ತಿಯ ಮೇಲಿರಬೇಕಾದ ಕಣ್ಣು ಮುಚ್ಚಿತ್ತು. ನಿಷೇಧದ ಪರವಾಗಿ ಆಗಾಗ ಉದಾಹರಿಸುವ ಆಸ್ಟ್ರೇಲಿಯಾ, 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಬಳಿಕ ಮಾಡಿದ್ದು ಊರಿನ ಅಳತೆಯ ಕೆಲಸವಲ್ಲ. ಎಲ್ಲ ರಾಜ್ಯಗಳೂ ಒಪ್ಪಿದ ಒಂದೇ ನಿಯಮ, ಹಣ ಕೊಟ್ಟು ಹಿಂಪಡೆದ ಸುಮಾರು ಆರೂವರೆ ಲಕ್ಷ ಬಂದೂಕುಗಳು ಮತ್ತು ಸಕಾರಣ ತೋರಿಸದವನಿಗೆ ಪರವಾನಗಿಯಿಲ್ಲವೆಂಬ ಕಟ್ಟುನಿಟ್ಟು ಸೇರಿ ಅಲ್ಲಿ ಬದಲಾವಣೆ ಬಂತು.

ವ್ಯಕ್ತಿಯನ್ನು ನೋಡಿ ಕ್ರಮ ಕೈಗೊಳ್ಳುವ ಅಧಿಕಾರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. ಪರವಾನಗಿದಾರ ಯಾವುದೇ ಕಾರಣದಿಂದ ಕೋವಿ ಹೊಂದಲು ಅನರ್ಹನೆಂದು ಮನವರಿಕೆಯಾದರೆ ಪರವಾನಗಿಯನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು 17ನೇ ಕಲಮು ಅವಕಾಶ ಕೊಡುತ್ತದೆ. ಚುನಾವಣಾ ಆಯೋಗವೂ ಎಲ್ಲರ ಕೋವಿ ಕಸಿಯಿರಿ ಎನ್ನುವುದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರು ಯಾರೆಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಪ್ರಕರಣವಾರು ನೋಡಬೇಕೆಂಬುದು ಅದರ ಸೂಚನೆ. ಪ್ರಕರಣವಾರು ನೋಡುವುದಕ್ಕಿಂತ ಸಾರಾಸಗಟು ಆದೇಶ ಸುಲಭವಾದ್ದರಿಂದ, ನೋಡಬೇಕಾದ ಶ್ರಮ ತಪ್ಪಿ ರೈತನ ಅಲೆದಾಟ ಉಳಿಯುತ್ತದೆ. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದು ಈ ದೃಷ್ಟಿಯಿಂದ ಹಿನ್ನಡೆಯೇ ಸರಿ. ನವೀಕರಣದ ನಡುವಿನ ಐದು ವರ್ಷಗಳಲ್ಲಿ ಕುಡಿತಕ್ಕೆ ಬಿದ್ದವನನ್ನು, ಹೆಂಡತಿ ಮಕ್ಕಳನ್ನು ಬಡಿಯತೊಡಗಿದವನನ್ನು ಯಾವ ಕಡತವೂ ಗುರುತಿಸುವುದಿಲ್ಲ.

ಆದ್ದರಿಂದ ಹಾಸನ ಜಿಲ್ಲಾಡಳಿತವು ಪರಿಶೀಲನಾ ಸಮಿತಿಯನ್ನು ಚುನಾವಣೆಗೆ ಸೀಮಿತಗೊಳಿಸದೆ ವರ್ಷವಿಡೀ ಉಳಿಸಿಕೊಂಡು, ಕೌಟುಂಬಿಕ ದೌರ್ಜನ್ಯದ ದೂರು ಠಾಣೆಗೆ ಅಥವಾ ಸಂರಕ್ಷಣಾಧಿಕಾರಿಗೆ, ಅಂದರೆ 2005ರ ಕಾಯ್ದೆಯ ಪ್ರಕಾರ ಅಂಥ ದೂರು ಪಡೆಯುವ ಅಧಿಕಾರಿಗೆ, ಬಂದ ದಿನವೇ ಆ ಮನೆಯಲ್ಲಿ ಪರವಾನಗಿ ಕೋವಿ ಇದೆಯೇ ಎಂದು ತಾಳೆ ನೋಡಿ, ಇದ್ದರೆ ವಿಚಾರಣೆ ಮುಗಿಯುವವರೆಗೆ ಅದನ್ನು ಠೇವಣಿ ಇರಿಸಿಕೊಳ್ಳುವ ವ್ಯವಸ್ಥೆ ಮಾಡಬೇಕು. ಮುಂದಿನ ಚುನಾವಣೆಯಲ್ಲಿ ಯಾರ ಕೋವಿಯನ್ನು ಕೇಳುತ್ತಾರೋ ಅವರಿಗೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಕಾರಣವಿಲ್ಲದಿದ್ದರೆ ತೆಂಗು, ಕಾಫಿ ಬೆಳೆಗಾರರ ಕೇಪಿನ ಕೋವಿಯನ್ನು ಅವರವರ ತೋಟದ ಮನೆಯಲ್ಲಿಯೇ ಬಿಡಬೇಕು.

ಇಂತಿ,
ಓದುಗರೊಬ್ಬರು
ಹಾರನಹಳ್ಳಿ, ಅರಸೀಕೆರೆ ತಾಲ್ಲೂಕು